ಲಿಮಿಟ್ ಹೋಲ್ಡೆಮ್: ಡ್ರಾ ಇದ್ದಾಗ ಬೆಟ್ಟೋ ಚೆಕ್ಕೋ

ಲಿಮಿಟ್ ಹೋಲ್ಡೆಮ್ ಎಂದರೆ ಬೆಟ್‌ನ ಮೊತ್ತ ಮೊದಲೇ ನಿಗದಿಯಾಗಿರುವ ಪೋಕರ್ ಆಟ. ಪ್ರತಿಯೊಬ್ಬರ ಕೈಯಲ್ಲಿ ಎರಡು ಎಲೆ; ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ, ಅದೇ ಬೋರ್ಡ್. ಅದರ ಮೊದಲ ಮೂರು ಫ್ಲಾಪ್, ನಾಲ್ಕನೆಯದು ಟರ್ನ್, ಐದನೆಯದು ರಿವರ್. ಚೆಕ್ ಎಂದರೆ ದುಡ್ಡು ಹಾಕದೆ ಸರದಿ ದಾಟಿಸುವುದು, ಕಾಲ್ ಎಂದರೆ ಬೆಟ್‌ನಷ್ಟೇ ಹಾಕುವುದು, ರೈಸ್ ಎಂದರೆ ಬೆಟ್ ಏರಿಸುವುದು, ಫೋಲ್ಡ್ ಎಂದರೆ ಎಲೆ ಬಿಡುವುದು. ಡ್ರಾ ಎಂದರೆ ಕೂಡಲು ಇನ್ನೊಂದು ಎಲೆ ಬೇಕಿರುವ ಕೈ; ಅದನ್ನು ಕೂಡಿಸುವ ಎಲೆಗಳೇ ಔಟ್ಸ್. ಫ್ಲಾಪ್‌ನಲ್ಲಿ ಫ್ಲಶ್ (ಒಂದೇ ಜಾತಿಯ ಐದು ಎಲೆ) ಡ್ರಾ ಬಂದರೆ ಔಟ್ಸ್ 9. ರಿವರ್‌ ಹೊತ್ತಿಗೆ ಕೂಡುವ ಸಾಧ್ಯತೆ ಶೇ 35. ಎರಡೂ ತುದಿ ತೆರೆದ ಸ್ಟ್ರೇಟ್ (ಸಾಲಾಗಿ ಐದು ಎಲೆ) ಡ್ರಾಗೆ ಔಟ್ಸ್ 8, ಶೇ 31.5. ಇನ್ನು ತಲೆ ಎಣಿಸಿ. ಮೂವರು ಕಾಲ್ ಮಾಡುವಂತಿದ್ದರೆ ಹೊಸದಾಗಿ ಬೀಳುವ ದುಡ್ಡಿನಲ್ಲಿ ನಿಮ್ಮದು ಶೇ 25, ಗೆಲ್ಲುವ ಪಾಲು ಶೇ 35ರ ಹತ್ತಿರ. ಬೆಟ್ ಮಾಡಿ, ರೈಸ್‌ಗೂ ಹಿಂಜರಿಯಬೇಡಿ. ಇಬ್ಬರಾದರೆ ಹೆಚ್ಚುಕಡಿಮೆ ಸರಿಸಮ. ಒಬ್ಬನೇ ಇದ್ದು, ಅವನೂ ಎಲೆ ಬಿಡದ ಆಸಾಮಿಯಾದರೆ ಚೆಕ್.

ಲೆಕ್ಕ ತಪ್ಪುವುದು ಔಟ್ಸ್‌ನಲ್ಲೇ. ಕೈಯಲ್ಲಿ ಕಳಾವರ್ 9, ಇಸ್ಪೀಟ್ 8. ಬೋರ್ಡ್‌ನಲ್ಲಿ ಆಟೀನ್ 10, ಕಳಾವರ್ 7, ಆಟೀನ್ 2. ಆಟೀನ್ ಗುಲಾಮ, ಆಟೀನ್ 6 ಬಂದರೆ ಇನ್ನೊಬ್ಬರ ಫ್ಲಶ್ ಕೂಡಬಹುದು. ಜನ ಹೆಚ್ಚಿದ್ದರೆ 8 ಅಲ್ಲ, 6 ಎಂದೇ ಹಿಡಿಯಿರಿ. ಬೋರ್ಡ್‌ನಲ್ಲಿ ಜೋಡಿ ಬಿದ್ದಿದ್ದರೆ ಫ್ಲಶ್ಶನ್ನೂ ಸೋಲಿಸುವ ಫುಲ್ ಹೌಸ್ (ಒಂದೇ ಬಗೆಯ ಮೂರು, ಜೊತೆಗೊಂದು ಜೋಡಿ) ಭಯವೂ ಸೇರುತ್ತದೆ. ಸಣ್ಣ ಎಲೆಗಳ ಫ್ಲಶ್ ಡ್ರಾ ಆಗ ಬೆಟ್‌ಗೆ ಲಾಯಕ್ಕಲ್ಲ.

ಫ್ಲಾಪ್‌ಗೆ ಮುಂಚೆ ರೈಸ್ ಮಾಡಿದವನು ಎಲ್ಲಿ ಕೂತಿದ್ದಾನೆ ಎಂಬುದನ್ನು ಬಹಳ ಜನ ನೋಡುವುದೇ ಇಲ್ಲ. ಅವನು ನಿಮ್ಮ ಎಡಕ್ಕೇ ಇದ್ದಾಗ ನೀವು ಬೆಟ್ ಮಾಡಿದರೆ ಅವನು ರೈಸ್ ಮಾಡುತ್ತಾನೆ. ಅವನ ನಂತರ ಆಡುವವರು ಎರಡು ಬೆಟ್ ಕಟ್ಟಬೇಕಾಗಿ ಜಾರಿಕೊಳ್ಳುತ್ತಾರೆ. ನಿಮಗೆ ಬೇಕಿದ್ದವರು ಅವರೇ. ಅಲ್ಲಿ ಚೆಕ್ ಮಾಡಿ, ಅವನು ಬೆಟ್ ಮಾಡಿ ಎಲ್ಲರೂ ಕಾಲ್ ಮಾಡಿದ ಮೇಲೆ ರೈಸ್ ಮಾಡಿ. ಒಂದು ಬೆಟ್ ಹಾಕಿದವರು ಇನ್ನೊಂದಕ್ಕೆ ಸಾಮಾನ್ಯವಾಗಿ ಎಲೆ ಎಸೆಯುವುದಿಲ್ಲ. ಅವನು ಕೊನೆಯಲ್ಲಿದ್ದರೆ ಮಾತ್ರ ನೀವೇ ಶುರುಮಾಡಿ.

ನೀವೇ ಕೊನೆಯವರಾದರೆ ಫ್ಲಾಪ್‌ನ ಬೆಟ್‌ಗೆ ರೈಸ್ ಮಾಡಿ, ಟರ್ನ್‌ನಲ್ಲಿ ಎಲ್ಲರೂ ಚೆಕ್ ಮಾಡಿದಾಗ ನೀವೂ ಚೆಕ್ ಮಾಡಬಹುದು. ಫ್ಲಾಪ್‌ನಲ್ಲಿ ಒಂದು ಸಣ್ಣ ಬೆಟ್ ಹೆಚ್ಚು ಕೊಟ್ಟು, ಟರ್ನ್‌ನಲ್ಲಿ ಅದರ ಎರಡರಷ್ಟಿನ ದೊಡ್ಡ ಬೆಟ್ ಉಳಿಸಿದಂತೆ. ಎದುರಿನವನು ಮರಳಿ ರೈಸ್ ಮಾಡಿದರೆ ಉಪಾಯ ಕೆಟ್ಟಿತು.

ಟರ್ನ್ ಬಿದ್ದ ಮೇಲೂ ಡ್ರಾ ಆಗಿಯೇ ಉಳಿದರೆ, ರಿವರ್‌ನಲ್ಲಿ ಫ್ಲಶ್ ಕೂಡುವುದು 46ರಲ್ಲಿ 9, ಅಂದರೆ ಶೇ 19.6. ನಾಲ್ವರು ಕಾಲ್ ಮಾಡಿದರೂ ಅಸಲು ಪೂರ್ತಿ ಹುಟ್ಟುವುದಿಲ್ಲ. ಬೆಟ್ ಮಾಡುವುದಾದರೆ ಯಾರಾದರೂ ಫೋಲ್ಡ್ ಮಾಡಬೇಕು. ಎದುರಿಗೆ ಒಬ್ಬನೇ, ಪಾಟ್‌ನಲ್ಲಿ (ಮೇಜಿನ ಮೇಲೆ ಸೇರಿದ ದುಡ್ಡಿನಲ್ಲಿ) 5 ದೊಡ್ಡ ಬೆಟ್ ಎಂದಿಟ್ಟುಕೊಳ್ಳಿ. ರಿವರ್‌ನ ಬೆಟ್ ಲೆಕ್ಕಕ್ಕೆ ಬಿಟ್ಟರೆ, ನೂರಕ್ಕೆ 13 ಸಲಕ್ಕಿಂತ ಹೆಚ್ಚು ಅವನು ಫೋಲ್ಡ್ ಮಾಡಿದರೆ ಬಿಟ್ಟಿ ಕಾರ್ಡ್‌ಗಿಂತ ಬೆಟ್ಟೇ ಮೇಲು. ಮೊದಲು ಚೆಕ್ ಮಾಡಿ, ನೀವು ಬೆಟ್ ಮಾಡಿದ ಮೇಲೆ ರೈಸ್ ಮಾಡುವ (ಚೆಕ್-ರೈಸ್) ಚಾಳಿಯವನಾದರೆ ಬೇಡ.

ರಿವರ್‌ನಲ್ಲೂ ಕೂಡದಿದ್ದರೆ? ಪಾಟ್‌ನಲ್ಲಿ 6 ದೊಡ್ಡ ಬೆಟ್ ಇದ್ದಾಗ ಏಳರಲ್ಲಿ ಒಂದು ಸಲಕ್ಕಿಂತ ಹೆಚ್ಚು ಫೋಲ್ಡ್ ಸಿಕ್ಕರೆ ಬ್ಲಫ್‌ಗೆ ಲಾಭವಿದೆ. ಕೈಯಲ್ಲಿ ಎಕ್ಕ ಇದ್ದರೆ ಚೆಕ್ ಮಾಡಿ: ಅವನದೂ ಕೂಡದ ಡ್ರಾ ಆಗಿದ್ದರೆ ಎಕ್ಕವೇ ಗೆಲ್ಲುತ್ತದೆ, ಜೋಡಿ ಹಿಡಿದವನು ಒಂದು ಬೆಟ್‌ಗೆ ಎಲೆ ಬಿಡುವುದು ಅಪರೂಪ.