ಹಸು ಹಾರಿಸಿ ತರ್ಕ ಕಲಿಸಿದ ನನ್ನ ಅನುಭವ

ವಾದದ ಅಚ್ಚು ಹಾಗೇ ಇಟ್ಟು ಪದ ಮಾತ್ರ ಬದಲಿಸುವ ಆಟದಿಂದ ತರ್ಕ ಬರುತ್ತದೆ ಅಂದಾಗ ಜೊತೆಯ ಮೇಷ್ಟ್ರುಗಳು ನಕ್ಕಿದ್ದರು. ಈಗ ಮೂರು ನಾಲ್ಕು ಬ್ಯಾಚ್ ದಾಟಿದೆ, ನಗು ನಿಂತಿದೆ. ಆಧಾರವಾಕ್ಯ ಅಂದರೆ ವಾದ ನಿಂತಿರುವ ಮಾತು, ತೀರ್ಮಾನ ಅಂದರೆ ಅದರಿಂದ ಹೊರಡುವ ಮಾತು, ಮಧ್ಯಪದ ಅಂದರೆ ಎರಡೂ ಆಧಾರವಾಕ್ಯಗಳಲ್ಲಿ ಬಂದು ತೀರ್ಮಾನದಲ್ಲಿ ಬಾರದ ಪದ. ಇಷ್ಟು ಗೊತ್ತಿದ್ದರೆ ಸಾಕು.

ಮೊದಲು ಎಲ್ಲರ ಹಾಗೆ ಆಭಾಸಗಳ, ಅಂದರೆ ವಾದದಲ್ಲಿ ಆಗುವ ಮಾಮೂಲಿ ತಪ್ಪುಗಳ, ಪಟ್ಟಿ ಹಿಡಿದೆ. ಬಣ್ಣದ ಪೋಸ್ಟರ್, ಮೇಲೊಂದು ಆಪ್‌ಗೆ ಚಂದಾ. ಒಂದು ಬ್ಯಾಚಿನ ಫೀಸಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅದಕ್ಕೇ ಹೋಯಿತು. ಹುಡುಗರು ಹೆಸರುಗಳನ್ನೇನೋ ಬಾಯಿಪಾಠ ಮಾಡಿದರು. ಆಮೇಲೆ ಯಾರು ಬಾಯಿ ತೆರೆದರೂ 'ಇದು ವ್ಯಕ್ತಿನಿಂದೆ', 'ಇದು ಸ್ಟ್ರಾ ಮ್ಯಾನ್' (ಎದುರಾಳಿಯ ಮಾತನ್ನು ತಿರುಚಿ ಹೊಡೆಯುವುದು) ಅಂತ ಒಬ್ಬರ ಮೇಲೊಬ್ಬರು ಎಗರೋಕೆ ಶುರು, ವಾದ ಎಲ್ಲಿ ಮುರಿಯಿತು ತೋರಿಸು ಅಂದರೆ ಮಾತ್ರ ಎಲ್ಲರೂ ಗಪ್‌ಚುಪ್. ವಾದ ಬಿದ್ದರೆ ತೀರ್ಮಾನವೂ ಸುಳ್ಳು ಅಂತ ಬೇರೆ ನಂಬಿಬಿಟ್ಟರು. ಕೆಟ್ಟ ವಾದದ ತುದಿಯಲ್ಲೂ ನಿಜ ಇರಬಹುದು, ಅಲ್ವಾ? ಇಬ್ಬರು ಫೀಸ್ ವಾಪಸ್ ಕೇಳಿದರು, ಕೊಟ್ಟೆ.

ಆಮೇಲೆ ಸಿಲಾಜಿಸಂ ಕೋಷ್ಟಕ, ಅಂದರೆ ಎರಡು ಆಧಾರವಾಕ್ಯ, ಒಂದು ತೀರ್ಮಾನ ಇರುವ ವಾದಗಳ ಪಟ್ಟಿ. ಒಟ್ಟು 256 ರೂಪ, ಸರಿಯಾದವು 24, ಅದರಲ್ಲೂ 9ಕ್ಕೆ 'ಅಂಥದ್ದು ಒಂದಾದರೂ ಇದೆ' ಅಂತ ಮೊದಲೇ ಒಪ್ಪಿಕೊಂಡಿರಬೇಕು. ಅರ್ಧ ಕ್ಲಾಸು ಆಕಳಿಸಿತು.

ಕೊನೆಗೆ ಕೈ ಹಿಡಿದದ್ದು ಚೀಟಿಗಳು. ಬೋರ್ಡ್ ಮೇಲೆ ಬರೆಯುತ್ತೇನೆ: ವೈದ್ಯರೆಲ್ಲ ಓದಿದವರು. ಓದಿದವರಲ್ಲಿ ಕೆಲವರು ಜಂಬದವರು. ಆದ್ದರಿಂದ ವೈದ್ಯರಲ್ಲಿ ಕೆಲವರು ಜಂಬದವರು. ಎಲ್ಲರೂ ತಲೆ ಆಡಿಸುತ್ತಾರೆ, ಯಾಕಂದರೆ ಅಂಥ ವೈದ್ಯರನ್ನು ಅವರು ನೋಡಿದ್ದಾರೆ! ಆಗ ಮೂರೂ ಪದ ಅಳಿಸಿ ಚೀಟಿ ಅಂಟಿಸುತ್ತೇನೆ. ಹಸುಗಳೆಲ್ಲ ಪ್ರಾಣಿಗಳು. ಪ್ರಾಣಿಗಳಲ್ಲಿ ಕೆಲವು ಹಾರುತ್ತವೆ. ಆದ್ದರಿಂದ ಹಸುಗಳಲ್ಲಿ ಕೆಲವು ಹಾರುತ್ತವೆ. ಒಂದು ಕ್ಷಣ ಸದ್ದಿಲ್ಲ, ಆಮೇಲೆ ಜೋರು ನಗು. ಮಧ್ಯಪದ ('ಪ್ರಾಣಿಗಳು') ಎರಡೂ ಕಡೆ ಅರೆಬರೆ ಬಂದಿದೆ, ಎಲ್ಲೂ ಇಡೀ ಗುಂಪಿನ ಮಾತಿಲ್ಲ ಅಂತ ನಾನು ಹೇಳುವ ಮೊದಲೇ ಯಾರೋ ಹೇಳುತ್ತಾರೆ, 'ಹಾರೋ ಪ್ರಾಣಿಗಳ ಗುಂಪೇ ಬೇರೆ, ಹಸುಗಳ ಗುಂಪೇ ಬೇರೆ' ಅಂತ.

ಆಮೇಲೆ ಅವರದೇ ವಾದಗಳಿಗೆ ಅವರೇ ಹಸು ಹುಡುಕಬೇಕು, ಅಂದರೆ ಅದೇ ಅಚ್ಚಿನಲ್ಲಿ ಆಧಾರ ನಿಜ, ತೀರ್ಮಾನ ಸುಳ್ಳು ಆಗುವ ಉದಾಹರಣೆ. ಹತ್ತರಲ್ಲಿ ಏಳೆಂಟು ಜನಕ್ಕೆ ಎರಡನೇ ವಾರದೊಳಗೆ ಕೈ ಕೂರುತ್ತದೆ. ಖರ್ಚು? ಕಾಗದ, ಗೋಂದು. ಚೀಟಿಗಳನ್ನು ಯಾವ ಕ್ರಮದಲ್ಲಿ ಹೊರಗೆ ತೆಗೆಯಬೇಕು ಅನ್ನುವುದರಲ್ಲೇ ಅರ್ಧ ಗುಟ್ಟಿದೆ, ಅದನ್ನು ಇಲ್ಲಿ ಹೇಳಲ್ಲ.

ನಡುವೆ ಸುಮ್ನೆ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1966ರಲ್ಲಿ ಬರೆದ ಕಾರ್ಡ್ ಆಟವನ್ನೂ ಮಾಡಿ ನೋಡಿದೆ. ಪ್ರತಿ ಕಾರ್ಡಿನ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ಸ್ವರ ಇದ್ದರೆ ಹಿಂದೆ ಸಮಸಂಖ್ಯೆ ಇರಬೇಕು ಅನ್ನುವುದು ನಿಯಮ. ಮೇಜಿನ ಮೇಲೆ ಅ, ಕ, 4, 7. ನಿಯಮ ಪರೀಕ್ಷಿಸಲು ಯಾವುದನ್ನು ತಿರುಗಿಸಬೇಕು? ಜಾಸ್ತಿ ಜನ ಅ ಮತ್ತು 4 ಅನ್ನುತ್ತಾರೆ. 4ರ ಹಿಂದೆ ಏನಿದ್ದರೂ ನಿಯಮ ಮುರಿಯಲ್ಲ, ಬೇಕಾದದ್ದು ಅ ಮತ್ತು 7. ಚೀಟಿಯಲ್ಲಿ ಪಳಗಿದವರೂ ಇಲ್ಲಿ ಎಡವಿದರು. ಇದಕ್ಕೆ ಬೇರೆಯೇ ಅಭ್ಯಾಸ ಬೇಕು, ಇನ್ನೂ ಹುಡುಕುತ್ತಿದ್ದೇನೆ.

ಒಂದು ಮಿತಿ ಇದೆ. ಹಸು ವಾದವನ್ನು ಬೀಳಿಸುತ್ತದೆ ಅಷ್ಟೇ. ಹಸು ಸಿಗಲಿಲ್ಲ ಅಂದ ಮಾತ್ರಕ್ಕೆ ವಾದ ಸರಿ ಅಂತಲ್ಲ. ಅಲ್ಲಿಗೆ ವೆನ್ ವೃತ್ತ, ಅಂದರೆ ಒಂದೊಂದು ಗುಂಪಿಗೆ ಒಂದೊಂದರಂತೆ ಒಂದರ ಮೇಲೊಂದು ಬರುವ ವೃತ್ತಗಳನ್ನು ಬಿಡಿಸಲೇಬೇಕು. ಈಗ ಅದನ್ನು ಕೊನೆಯ ಎರಡು ಕ್ಲಾಸಿಗೆ ಇಟ್ಟಿದ್ದೇನೆ, ಯಾರೂ ಆಕಳಿಸುವುದಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಮೇಷ್ಟ್ರು ಮೊನ್ನೆ ಚೀಟಿ ಕಟ್ಟು ಕೇಳಿದರು, ಚೆನ್ನಾಗಿ ಕಲೆಸಿ ಕೊಟ್ಟೆ.