ಶಾರ್ತ್ರದಲ್ಲಿ ಒಂದು ಸಂಜೆ: ಮೂರನೇ ಸಲಕ್ಕೆ ಕೈಗೂಡಿತು

"ಅಲ್ಲಪ್ಪ, ಊರು ನೋಡೋಕೆ ಹೋಗೋರು ಬೆಳಗ್ಗೆ ಹೊರಡ್ತಾರೆ. ಸಂಜೆ ಹೋಗಿ ಮುಚ್ಚಿದ ಬಾಗಿಲು ನೋಡ್ಕೊಂಡು ಬರೋದಾ?" ಭಾವನ ಮಾತು ಇದು. ಆಫೀಸಿನಲ್ಲೂ ಎಲ್ಲರೂ ಹೀಗೇ ಹೇಳಿದ್ದರು. ಆದರೂ ಹೋದ ಸೆಪ್ಟೆಂಬರ್‌ನಲ್ಲಿ ಅಕ್ಕ, ಭಾವ ಇಬ್ಬರನ್ನೂ ಸಂಜೆಯೇ ಕರೆದುಕೊಂಡು ಹೋದೆ. ಶಾರ್ತ್ರ ಅಂದರೆ ಪ್ಯಾರಿಸ್ ಹತ್ತಿರದ ಊರು, ಹಳೆಯ ಕ್ಯಾಥೆಡ್ರಲ್‌ಗೆ, ಅಂದರೆ ದೊಡ್ಡ ಚರ್ಚಿಗೆ ಹೆಸರಾದದ್ದು. ಪ್ಯಾರಿಸ್‌ನಲ್ಲಿರುವ ನಮ್ಮವರು ಎಷ್ಟೋ ಜನ ಅಲ್ಲಿಗೆ ಹೋಗಿಬಂದಿದ್ದಾರೆ. ನನ್ನಷ್ಟು ಚೆನ್ನಾಗಿ ನೋಡಿದವರು ಕಡಿಮೆ ಎಂದೇ ನನ್ನ ನಂಬಿಕೆ.

ಅದಕ್ಕೆ ಮುಂಚೆ ಎರಡು ಸಲ ದುಡ್ಡು ಕಳೆದಿದ್ದೆ. ಮೊದಲ ಸಲ ಎಲ್ಲರಂತೆ ಬೆಳಗ್ಗೆ ಒಂಬತ್ತಕ್ಕೆ ಕ್ಯಾಥೆಡ್ರಲ್ ಒಳಗಿದ್ದೆ. ಮುಖ್ಯ ಬಾಗಿಲ ಮೇಲಿನ, ಬಣ್ಣದ ಗಾಜಿನ ಮೂರು ಹಳೆಯ ಕಿಟಕಿಗಳು ಮಂಕಾಗಿದ್ದವು. 1194ರ ಬೆಂಕಿಯಲ್ಲೂ ಉಳಿದುಕೊಂಡ, ಸುಮಾರು 1150ರ ಗಾಜು ಅದು. ಅದಕ್ಕಾಗಿಯೇ ಹೋಗಿದ್ದೆ, ಅದೇ ಕಾಣಲಿಲ್ಲ.

ಎರಡನೇ ಸಲ ಜೂನ್‌ನಲ್ಲಿ ಹೋದೆ. ತಲುಪಿದಾಗ ಏಳು ದಾಟಿತ್ತು, ಬಾಗಿಲು ಹಾಕುವ ಹೊತ್ತು. ಹೋಗಲಿ, ರಾತ್ರಿ ಕಟ್ಟಡಗಳ ಮೇಲೆ ಬಣ್ಣದ ಬೆಳಕು ಬಿಡುತ್ತಾರಲ್ಲ, 'ಶಾರ್ತ್ರ ಆಂ ಲ್ಯುಮಿಯೇರ್', ಅದನ್ನಾದರೂ ನೋಡೋಣ ಎಂದು ಕಾದೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಹತ್ತು ಗಂಟೆ ಹತ್ತಿರ. ಬೆಳಕು ಶುರುವಾಗುವಷ್ಟರಲ್ಲಿ ಕೊನೆಯ ರೈಲು ಹೋಗಿತ್ತು. ಹೋಟೆಲಿಗೆ ತೊಂಬತ್ತು ಯೂರೋ ತೆತ್ತೆ. ಅವತ್ತು ಆದ ಬೇಜಾರು ಇನ್ನೂ ನೆನಪಿದೆ.

ಆಮೇಲೆ ಕೂತು ಮ್ಯಾಪ್ ನೋಡಿದೆ. ಎಲ್ಲರೂ 'ಪಶ್ಚಿಮ ದ್ವಾರ' ಅನ್ನುತ್ತಾರೆ, ಆದರೆ ಈ ಕ್ಯಾಥೆಡ್ರಲ್ ನೇರ ಪೂರ್ವ-ಪಶ್ಚಿಮಕ್ಕೆ ಕೂತಿಲ್ಲ. ಮುಂಬಾಗಿಲು ಹೆಚ್ಚುಕಡಿಮೆ ನೈಋತ್ಯಕ್ಕಿದೆ. ಅಂದರೆ ಆ ಗಾಜಿಗೆ ಬಿಸಿಲು ನೇರವಾಗಿ ಬೀಳುವುದು ಮಧ್ಯಾಹ್ನ ಕಳೆದ ಮೇಲೆ. ಬೇಗ ಕತ್ತಲಾಗುವ ತಿಂಗಳು ಬೇಕು, ಆದರೆ ಬಿಸಿಲೂ ಇರಬೇಕು. ಸೆಪ್ಟೆಂಬರ್ ನಡುವಿನ ಶುಕ್ರವಾರ ಸರಿಹೋಯಿತು. ಶುಕ್ರವಾರವೇ ಯಾಕೆ ಅಂದರೆ, ನೆಲದ ಮೇಲಿನ ಚಕ್ರವ್ಯೂಹದಂಥ ಲ್ಯಾಬಿರಿಂತ್ ಮೇಲೆ ಬೇರೆ ದಿನ ಕುರ್ಚಿ ಹಾಕಿರುತ್ತಾರೆ. ವರ್ಷದ ಆ ತಿಂಗಳುಗಳಲ್ಲಿ ಶುಕ್ರವಾರ ಹಗಲು ತೆಗೆದಿಡುತ್ತಾರೆ.

ಅರ್ಧ ದಿನ ರಜೆ ಹಾಕಿ ಪ್ಯಾರಿಸ್‌ನ ಮೊಂಪಾರ್ನಾಸ್ ಸ್ಟೇಷನ್‌ನಿಂದ ಎರಡರ ಹೊತ್ತಿಗೆ ಹೊರಟೆವು. ಒಂದು ಗಂಟೆ ಚಿಲ್ಲರೆ ದಾರಿ. ಬೋಸ್ ಬಯಲಿನಲ್ಲಿ ಗೋಧಿ ಕೊಯ್ದ ಹೊಲಗಳ ಆಚೆ ಎರಡು ಗೋಪುರ ಎದ್ದವು. ಒಂದು ಸಾದಾ, ಇನ್ನೊಂದು ಕುಸುರಿ ಕೆಲಸದ್ದು. 1506ರಲ್ಲಿ ಸಿಡಿಲು ಬಡಿದ ಮೇಲೆ ಎರಡನೆಯದರ ತುದಿಯನ್ನು ಹೊಸದಾಗಿ ಕಟ್ಟಿದ್ದು. ರೈಲಿನಲ್ಲಿ ಯಾವ ಬದಿ ಕೂತರೆ ಇದು ಚೆನ್ನಾಗಿ ಕಾಣುತ್ತೆ ಅಂತ ಇಲ್ಲಿ ಹೇಳಲ್ಲ.

ಮೊದಲು ಲ್ಯಾಬಿರಿಂತ್. ಅಗಲ ಹದಿಮೂರು ಮೀಟರ್ ಇರಬಹುದು, ಸುತ್ತು ಬಿಚ್ಚಿದರೆ ದಾರಿ 260 ಮೀಟರ್. ಸುಮ್ನೆ ಹೆಜ್ಜೆ ಎಣಿಸಿದೆ, 430ರ ಆಸುಪಾಸು ಬಂತು. ಅಕ್ಕ ಬರಿಗಾಲಲ್ಲಿ ನಡೆದಳು. ದೇವಸ್ಥಾನ ಪ್ರದಕ್ಷಿಣೆ ಹಾಕುವ ಅದೇ ನಿಧಾನ.

ಐದು ಗಂಟೆ ಹೊತ್ತಿಗೆ ಬಿಸಿಲು ಗಾಜಿಗೆ ನೇರವಾಗಿ ಬಂತು. ಮೂರರಲ್ಲಿ ಬಲಗಡೆಯ ಕಿಟಕಿಯಲ್ಲಿ ಕೆಳಗೆ ಬೈಬಲ್‌ನ ದಾವೀದ ರಾಜನ ಅಪ್ಪ ಜೆಸ್ಸೆ ಮಲಗಿದ್ದಾನೆ, ಅವನ ಮೈಯಿಂದ ಮರ ಎದ್ದಿದೆ, ಕೊಂಬೆಗಳ ನಡುವೆ ರಾಜರು ಕೂತಿದ್ದಾರೆ. ಹಿಂದೆಲ್ಲ ನೀಲಿ. ಬೈನಾಕ್ಯುಲರ್ ಇಲ್ಲದೆ ಹೋಗಬೇಡಿ. ನನ್ನದು ನಲವತ್ತು ಯೂರೋದ್ದು, ಸಾಕು. ಫೋನಿನಲ್ಲಿ ತೆಗೆದ ಫೋಟೋ ಒಂದೂ ಸರಿ ಬರಲಿಲ್ಲ, ಗಾಜು ಬಿಳಿಚಿಕೊಂಡಿತು. ಅದಕ್ಕೆ ಬಿಳಿ ಕರ್ಚೀಫು ಬಿಚ್ಚಿ ಬೆಳಕಿಗೆ ಹಿಡಿದೆ. ಬಟ್ಟೆ ಮೇಲೆ ತೆಳು ನೀಲಿ ಕೂತಿತು, ಅಂಚಿಗೆ ಒಂದು ಚೂರು ಕೆಂಪು. ಭಾವ ಕರ್ಚೀಫು ಇಸಿದುಕೊಂಡು ಹತ್ತು ನಿಮಿಷ ಅಲ್ಲೇ ನಿಂತರು.

ಒಂದು ನಷ್ಟ ಇದೆ. ಹೆಸರಾಂತ ನೀಲಿ ಮೇರಿಯಮ್ಮನ ಕಿಟಕಿ ಬೆಳಗಿನ ಬಿಸಿಲಿನ ಕಡೆಗಿದೆ, ಸಂಜೆಗೆ ಮಂಕು. ಅದನ್ನು ಬಿಟ್ಟುಕೊಡಬೇಕು.

ಆರೂವರೆಗೆ ಮೆಟ್ಟಿಲು ಇಳಿದು ಅರ್ ನದಿಯ ಕೆಳಪೇಟೆಗೆ ಹೋದೆವು. ಒಂದು ಕಾಲಕ್ಕೆ ಚರ್ಮ ಹದ ಮಾಡುವವರ ಕೇರಿ. ನೀರಿನ ಅಂಚಿಗೆ ಬಟ್ಟೆ ಒಗೆಯುವ ಹಳೆಯ ಕಟ್ಟೆಗಳು, ಮೇಲೆ ಮರದ ಮಾಡು. ಅಲ್ಲೇ ಕೂತು ಚಿತ್ರಾನ್ನ ತಿಂದೆವು. ಸಸ್ಯಾಹಾರಿಗಳು ಡಬ್ಬಿ ಒಯ್ಯುವುದೇ ವಾಸಿ, ಅಲ್ವಾ? ಬೆರ್ತ್ ರಾಣಿ ಮೆಟ್ಟಿಲು ಅನ್ನುವ ಮರದ ಗೋಪುರ ದಾಟಿ ಮತ್ತೆ ಮೇಲೆ ಹತ್ತುವಾಗ ಕತ್ತಲಾಗುತ್ತಿತ್ತು.

ಎಂಟೂವರೆ ದಾಟಿದ ಮೇಲೆ ಮುಂಬಾಗಿಲ ಮೇಲೆ ಬೆಳಕು ಬಿತ್ತು. ಉದ್ದುದ್ದ ನಿಂತ ಕಲ್ಲಿನ ರಾಜರಾಣಿಯರಿಗೆ ಬಟ್ಟೆಯ ಬಣ್ಣ ಬಂತು, ಕೆನ್ನೆಗೆ ಬಣ್ಣ ಬಂತು. ಮಧ್ಯಯುಗದಲ್ಲಿ ಈ ಶಿಲ್ಪಗಳಿಗೆ ನಿಜವಾಗಿ ಬಣ್ಣ ಹಚ್ಚುತ್ತಿದ್ದರು. ಹಾಗಾಗಿ ಇದನ್ನು ಬರೀ ತಮಾಷೆ ಅನ್ನಲು ನನಗೆ ಮನಸ್ಸಿಲ್ಲ. ಜನ ಜಾಸ್ತಿ, ಎಲ್ಲರೂ ಬಾಗಿಲಿನ ಎದುರಿಗೇ ಒತ್ತಿ ನಿಲ್ಲುತ್ತಾರೆ. ನಾನು ನಿಲ್ಲುವ ಜಾಗ ಬೇರೆ, ಅದು ನನಗಿರಲಿ.

ಖರ್ಚು: ರೈಲಿಗೆ ಒಬ್ಬರಿಗೆ ಹೋಗಿ ಬರಲು ಮೂವತ್ತೈದು ಯೂರೋ ಆಸುಪಾಸು, ಕಾಫಿಗೆ ಮೂವರಿಗೂ ಸೇರಿ ಎಂಟೋ ಒಂಬತ್ತೋ. ಕ್ಯಾಥೆಡ್ರಲ್‌ಗೂ ರಾತ್ರಿಯ ಬೆಳಕಿಗೂ ಟಿಕೆಟ್ ಇಲ್ಲ. ವಾಪಸ್ ರೈಲಿನ ಹೊತ್ತು ಹೊರಡುವ ದಿನವೇ ನೋಡಿ ಬರೆದಿಟ್ಟುಕೊಂಡಿದ್ದೆ, ಹದಿನೈದು ನಿಮಿಷ ಮುಂಚೆ ಪ್ಲಾಟ್‌ಫಾರ್ಮ್‌ನಲ್ಲಿದ್ದೆವು. ರೈಲು ಹೊರಟ ಮೇಲೆ ಭಾವ ಕೇಳಿದರು, "ಆ ಮೇರಿಯಮ್ಮನ ಕಿಟಕಿಗೆ ಬೆಳಗ್ಗೆ ಎಷ್ಟು ಗಂಟೆಗೆ ಬಿಸಿಲು ಬರುತ್ತೆ?"