ಒಣಮಾಂಸ ಮಾರಿ ಕೆಟ್ಟೆ: ಕ್ರೋನೋ ಟ್ರಿಗರ್ ಆಡಿದ ನನ್ನ ಅನುಭವ

ಚಿಕ್ಕಂದಿನಲ್ಲಿ ನಮಗೆ ವಿಡಿಯೋ ಗೇಮ್ ಅಂದರೆ ಟಿವಿಗೆ ಸಿಕ್ಕಿಸುವ ಡಬ್ಬ ಮತ್ತು ಹಳದಿ ಕ್ಯಾಸೆಟ್. ಕಾಂಟ್ರಾ, ಮಾರಿಯೋ, ಇನ್ನೇನೋ ಒಂದೆರಡು. ಜಪಾನಿನ ರೋಲ್ ಪ್ಲೇಯಿಂಗ್ ಗೇಮ್‌ಗಳ ಪರಿಚಯ ಆಗಿದ್ದು ಕೆಲಸಕ್ಕೆ ಸೇರಿದ ಎಷ್ಟೋ ವರ್ಷದ ಮೇಲೆ. ಮೊದಲು ಕೈಹಾಕಿದ ಎರಡು ಹಳೇ ಆಟಗಳನ್ನು ಅರ್ಧಕ್ಕೇ ಬಿಟ್ಟೆ. ನಾಲ್ಕು ಹೆಜ್ಜೆ ಇಡೋದು, ಎಲ್ಲಿಂದಲೋ ಶತ್ರುಗಳು ಉದುರೋದು, ಹೊಡೆಯೋದು, ಮತ್ತೆ ನಾಲ್ಕು ಹೆಜ್ಜೆ. ಎಲ್ಲಿಗೆ ಹೊರಟಿದ್ದೆ ಅನ್ನೋದೇ ಮರೆತು ಹೋಗುತ್ತಿತ್ತು.

ಕ್ರೋನೋ ಟ್ರಿಗರ್ ಅನ್ನು 2019ರಲ್ಲಿ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡೆ. ಇದೂ ಅರ್ಧಕ್ಕೆ ನಿಲ್ಲುತ್ತದೆ ಅಂದುಕೊಂಡೇ ಶುರು ಮಾಡಿದ್ದು. ಮೊದಲ ಸಲ ಮುಗಿಸಲು ಎರಡು ತಿಂಗಳ ರಾತ್ರಿಗಳು ಬೇಕಾದವು. ಎರಡನೇ ಸಲ ಆಡಿದ್ದು ಈ ಬೇಸಿಗೆ ರಜೆಯಲ್ಲಿ, ಆರನೇ ಕ್ಲಾಸಿನ ತಂಗಿ ಮಗನ ಜೊತೆ. ಕಂಟ್ರೋಲರ್ ಅವನ ಕೈಯಲ್ಲಿ, ನಾನು ಪಕ್ಕದಲ್ಲಿ. ಬಾಯಿ ಮುಚ್ಚಿಕೊಂಡು ಕೂರಬೇಕು ಅಂತ ಕರಾರು. ಮೂವತ್ತು ವರ್ಷ ಹಳೆಯ ಆಟ ಈಗಿನ ಹುಡುಗನಿಗೆ ಯಾಕೆ ಹಿಡಿಸುತ್ತೆ ಅನ್ನೋದು ನನಗೆ ಅರ್ಥವಾಗಿದ್ದು ಹಾಗೆ ಸುಮ್ನೆ ನೋಡುತ್ತಾ ಕೂತಾಗಲೇ. ಇನ್ನೂ ಆಡದವರಿಗೆ ಒಂದು ಎಚ್ಚರಿಕೆ: ಮುಂದೆ ಕಥೆಯ ಕೆಲವು ಗುಟ್ಟು ಬಿಟ್ಟುಕೊಡುತ್ತೇನೆ, ದೊಡ್ಡದನ್ನು ಮುಟ್ಟುವುದಿಲ್ಲ.

ಆಟ ಶುರುವಾಗೋದು ಕ್ರಿ.ಶ. 1000ರಲ್ಲಿ, ಒಂದು ಜಾತ್ರೆಯಲ್ಲಿ. ಕ್ರೋನೋ ಅನ್ನೋ ಹುಡುಗ ಓಡಾಡುವಾಗ ಒಬ್ಬ ಹುಡುಗಿಗೆ ಡಿಕ್ಕಿ ಹೊಡೆಯುತ್ತಾನೆ. ಅವಳ ಪದಕ ಒಂದು ಕಡೆ ಬೀಳುತ್ತದೆ, ಅವಳು ಒಂದು ಕಡೆ. ನಮ್ಮ ಹುಡುಗ ನೇರ ಪದಕದ ಹತ್ತಿರ ಓಡಿದ. ಅದು ಮಿನುಗುತ್ತಾ ಇತ್ತಲ್ಲ! ಆಮೇಲೆ ಮೇಜಿನ ಮೇಲೆ ಯಾರದೋ ಊಟ ಕಂಡಿತು. ತಿಂದುಬಿಟ್ಟ. ಬೇರೆ ಆಟಗಳಲ್ಲಿ ಕಂಡದ್ದನ್ನೆಲ್ಲ ಬಾಚಿಕೊಳ್ಳೋದೇ ಪದ್ಧತಿ, ಅವನದೇನು ತಪ್ಪು? ಒಂದು ಪುಟ್ಟ ಹುಡುಗಿಯ ಬೆಕ್ಕು ಕಳೆದಿತ್ತು, ಅದರ ಕಡೆ ತಿರುಗಿಯೂ ನೋಡಲಿಲ್ಲ.

ಇದಾಗಿ ಒಂದೆರಡು ಗಂಟೆ ಬೇರೆ ಸಾಹಸ. ಹುಡುಗಿ ಕಾಲದ ಬಾಗಿಲಲ್ಲಿ ಮಾಯವಾಗಿ, ಅವಳನ್ನು ಕ್ರಿ.ಶ. 600ರಿಂದ ಕರೆತಂದದ್ದೂ ಆಯಿತು. ಅವಳು ರಾಜಕುಮಾರಿ ಅಂತ ಗೊತ್ತಾಗೋದು ಆಗಲೇ. ಅರಮನೆಗೆ ಬಿಟ್ಟು ಬರಲು ಹೋದರೆ ಕ್ರೋನೋನ ಮೇಲೆ ಅಪಹರಣದ ಆರೋಪ, ಕಟಕಟೆ, ವಿಚಾರಣೆ. ಮಂತ್ರಿ ಒಂದೊಂದಾಗಿ ಕೇಳುತ್ತಾ ಹೋದ. ಹುಡುಗಿ ಬಿದ್ದಾಗ ಮೊದಲು ಯಾವುದರ ಹತ್ತಿರ ಹೋದೆ? ಊಟ ಕಳಕೊಂಡ ಮುದುಕ ಸಾಕ್ಷಿ ಹೇಳಲು ಬಂದ.

"ಮಾಮ, ಇವರಿಗೆ ಹೇಗೆ ಗೊತ್ತಾಯ್ತು?"

ನಾನು ಮಾತಾಡಲಿಲ್ಲ. ಏಳು ಜನ ಜ್ಯೂರಿಗಳು ಒಬ್ಬೊಬ್ಬರೇ ಬಂದು ತಪ್ಪಿತಸ್ಥ ಅನ್ನೋ ಕಡೆಗೋ, ಅಲ್ಲ ಅನ್ನೋ ಕಡೆಗೋ ಹೋಗಿ ನಿಂತರು. ಇವನ ಮುಖ ಇಷ್ಟೇ ಆಗಿತ್ತು. ಗಮ್ಮತ್ತು ಏನೆಂದರೆ, ನಿರಪರಾಧಿ ಅಂತ ತೀರ್ಪು ಬಂದರೂ ಮಂತ್ರಿ ಜೈಲಿಗೇ ತಳ್ಳುತ್ತಾನೆ. ಕಥೆ ಬದಲಾಗೋದಿಲ್ಲ. ಆದರೆ ಆಡುವವನು ಬದಲಾಗುತ್ತಾನೆ. ಅವತ್ತಿನಿಂದ ನಮ್ಮ ಹುಡುಗ ಯಾರ ಮನೆಗೆ ಹೋದರೂ ಒಂದು ಸಲ ನಿಂತು, ಮುಟ್ಟಲಾ ಬೇಡವಾ ಅಂತ ಯೋಚಿಸಲು ಶುರು ಮಾಡಿದ. ನಾವು ಸುಮ್ನೆ ಮಾಡಿ ಮರೆತದ್ದನ್ನು ಈ ಆಟ ಮರೆಯೋದಿಲ್ಲ. ಅದೇ ಇದರ ಸೆಳೆತ ಅಂತ ನನ್ನ ಲೆಕ್ಕ.

ಕಾದಾಟದ ಬಗ್ಗೆ ಜಾಸ್ತಿ ಹೇಳಲ್ಲ. ಶತ್ರುಗಳು ಮೊದಲೇ ಕಣ್ಣಿಗೆ ಬೀಳುತ್ತಾರೆ, ಎಷ್ಟೋ ಜನರನ್ನು ಸುತ್ತಿ ಬಳಸಿ ದಾಟಬಹುದು. ಪೊದೆಯಿಂದ ಹಾರುವವರು ಇಲ್ಲವೆಂದಲ್ಲ, ಆದರೆ ಊರಿಂದ ಊರಿಗೆ ಹೋಗುವ ದೊಡ್ಡ ನಕ್ಷೆಯಲ್ಲಿ ಕಾದಾಟವೇ ಇಲ್ಲ. ಯುದ್ಧಕ್ಕೆ ಬೇರೆ ಸ್ಕ್ರೀನ್ ಕೂಡ ತೆರೆಯೋದಿಲ್ಲ, ನಿಂತ ಜಾಗದಲ್ಲೇ ಕತ್ತಿ ಹೊರಬರುತ್ತದೆ. ಇಬ್ಬರು ಸೇರಿ ಮಾಡುವ ಏಟುಗಳಿವೆ. ಕ್ರೋನೋನ ಗೆಳತಿ ಲುಕ್ಕಾ ಬೆಂಕಿ ಹಚ್ಚಿದ ಕತ್ತಿ ಹಿಡಿದು ಅವನು ಬುಗುರಿಯಂತೆ ತಿರುಗೋದು ನಮ್ಮ ಮನೆಯ ಅಚ್ಚುಮೆಚ್ಚು. ಹೊಸಬರಿಗೆ ಒಂದೇ ಮಾತು: ಸೆಟ್ಟಿಂಗ್‌ನಲ್ಲಿ 'ಆಕ್ಟಿವ್' ಬದಲು 'ವೇಟ್' ಇಟ್ಟುಕೊಳ್ಳಿ. ಯಾವ ವಿದ್ಯೆ, ಯಾವ ಔಷಧಿ ಅಂತ ಪಟ್ಟಿ ನೋಡುವಷ್ಟು ಹೊತ್ತು ಶತ್ರುಗಳು ಕಾಯುತ್ತಾರೆ. ನಾನು ಮೊದಲ ಸಲ ಇದನ್ನು ನೋಡದೆ ಸುಮಾರು ಸಲ ಸತ್ತೆ.

ಇದನ್ನು ಮಾಡಿದವರ ಕಥೆಯೂ ಚೆನ್ನಾಗಿದೆ. ಫೈನಲ್ ಫ್ಯಾಂಟಸಿ ಆಟಗಳ ಹಿರೊನೊಬು ಸಕಾಗುಚಿ, ಡ್ರ್ಯಾಗನ್ ಕ್ವೆಸ್ಟ್ ಆಟಗಳ ಯುಜಿ ಹೊರಿಯಿ, ಡ್ರ್ಯಾಗನ್ ಬಾಲ್ ಕಾಮಿಕ್ಸ್ ಬರೆದ ಅಕಿರಾ ತೊರಿಯಾಮ, ಮೂವರೂ ಒಂದೇ ಆಟಕ್ಕೆ ಸೇರಿದ್ದು. ಸಕಾಗುಚಿಯ ಸ್ಕ್ವೇರ್ ಕಂಪನಿಗೂ ಡ್ರ್ಯಾಗನ್ ಕ್ವೆಸ್ಟ್ ತರುತ್ತಿದ್ದ ಎನಿಕ್ಸ್‌ಗೂ ಆಗ ಪೈಪೋಟಿ. ಅವೆರಡೂ ಒಂದಾಗಿದ್ದು 2003ರಲ್ಲಿ, ಆಟ ನಿಂಟೆಂಡೋದ ಸೂಪರ್ ಫ್ಯಾಮಿಕಾಮ್ ಅನ್ನೋ ಗೇಮ್ ಡಬ್ಬಕ್ಕೆ ಬಂದದ್ದು 1995ರ ಮಾರ್ಚ್‌ನಲ್ಲಿ. ಇಡೀ ಆಟ ಹಿಡಿಸಿದ್ದು 32 ಮೆಗಾಬಿಟ್ ಕ್ಯಾಸೆಟ್‌ನಲ್ಲಿ, ಅಂದರೆ 4 ಎಂಬಿ. ನನ್ನ ಫೋನ್‌ನಲ್ಲಿ ಒಂದು ಫೋಟೋಗೇ ಅಷ್ಟು ಜಾಗ ಬೇಕು.

ಸಂಗೀತ ಯಸುನೊರಿ ಮಿತ್ಸುದಾ ಅವರದು. ಅಲ್ಲಿಯವರೆಗೆ ಅದೇ ಕಂಪನಿಯಲ್ಲಿ ಸೌಂಡ್ ಎಫೆಕ್ಟ್ ಮಾಡಿಕೊಂಡಿದ್ದ ಹುಡುಗ. ರಾಗ ಹಾಕಲು ಬಿಡಿ, ಇಲ್ಲದಿದ್ದರೆ ಕೆಲಸ ಬಿಡುತ್ತೇನೆ ಅಂತ ಸಕಾಗುಚಿಯ ಮುಂದೆ ಹಟ ಹಿಡಿದು ಈ ಅವಕಾಶ ಗಿಟ್ಟಿಸಿಕೊಂಡವರು. ಕೆಲಸ ಮಾಡಿ ಮಾಡಿ ಹೊಟ್ಟೆ ಹುಣ್ಣಾಗಿ ಮಲಗಿದಾಗ ಫೈನಲ್ ಫ್ಯಾಂಟಸಿಗೆ ಸಂಗೀತ ಕೊಟ್ಟ ನೊಬುವೊ ಉಯೆಮಾತ್ಸು ಬಂದು ಉಳಿದದ್ದನ್ನು ಪೂರೈಸಿದರು. ಕ್ರಿ.ಪೂ. 12,000ಕ್ಕೆ ಹೋದಾಗ ಮೊದಲು ಬರೀ ಹಿಮಗಾಳಿ. ಜನರೇ ಕಾಣೋದಿಲ್ಲ. ಅಲ್ಲಿಂದ ಮೇಲೆ ಹತ್ತಿದರೆ ಮೋಡದ ಮೇಲೆ ತೇಲುವ ಜೀಲ್ ರಾಜ್ಯ, ಬಿಸಿಲು, ಹಸಿರು. ಆಗ ಬರುವ ರಾಗದಲ್ಲಿ ನನ್ನ ಕಿವಿಗೆ ಸಿತಾರ್ ಮೀಟಿದ ಹಾಗೇ ಕೇಳಿಸಿತು. ಅವತ್ತು ಕಂಟ್ರೋಲರ್ ಕೆಳಗಿಟ್ಟು ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ಹುಡುಗನಿಗೆ ಅದೆಲ್ಲ ನಾಟಲಿಲ್ಲ, ಅವನು ಆಗಲೇ ಯಾರದೋ ಮನೆಗೆ ನುಗ್ಗಿದ್ದ.

ಅವನಿಗೆ ನಾಟಿದ್ದು ಸ್ಪೆಕ್ಕಿಯೋ. ಕಾಲದ ಕೊನೆ ಅನ್ನೋ ಜಾಗದಲ್ಲಿ ಮಂತ್ರಶಕ್ತಿ ಕೊಡುವವನು. ಶಕ್ತಿ ಬೇಕಾದರೆ ಕೋಣೆಯ ಅಂಚು ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಮೂರು ಸುತ್ತು ಬಾ ಅನ್ನುತ್ತಾನೆ. "ಪ್ರದಕ್ಷಿಣೆ!" ಅಂತ ಹುಡುಗ ಕೂಗಿದ ರಭಸಕ್ಕೆ ಅಡುಗೆಮನೆಯಿಂದ ತಂಗಿ ಓಡಿಬಂದಳು.

ನನ್ನ ಮೊದಲ ಆಟದಲ್ಲಿ ಎರಡು ಕಡೆ ಎಡವಿದ್ದೆ. ಒಂದು, ಲುಕ್ಕಾಳ ಅಮ್ಮನ ವಿಷಯ. ರೋಬೋ ಅನ್ನೋ ಯಂತ್ರಮಾನವ ಮರಳುಗಾಡಾದ ಜಾಗವನ್ನು ಮತ್ತೆ ಕಾಡು ಮಾಡಲು ಕ್ರಿ.ಶ. 600ರಲ್ಲೇ ಉಳಿಯುತ್ತಾನೆ. ನಾವು ಕಾಲದ ಬಂಡಿ ಹತ್ತಿ ಕ್ರಿ.ಶ. 1000ಕ್ಕೆ ಹಾರುತ್ತೇವೆ. ನಮಗೆ ಒಂದು ನಿಮಿಷ, ಅವನಿಗೆ 400 ವರ್ಷ. ಕಾಡು ಎದ್ದಿದೆ, ಅವನು ತುಕ್ಕು ಹಿಡಿದು ನಿಂತಿದ್ದಾನೆ. ಅವನನ್ನು ರಿಪೇರಿ ಮಾಡಿ ಎಲ್ಲರೂ ಬೆಂಕಿ ಕಾಯಿಸುತ್ತಾ ಕೂತ ರಾತ್ರಿ, ಲುಕ್ಕಾಗೆ ಮಾತ್ರ ಒಂದು ಬಾಗಿಲು ತೆರೆಯುತ್ತದೆ. ಅವಳ ಬಾಲ್ಯದ ಮನೆ. ಅಮ್ಮನ ಬಟ್ಟೆ ಯಂತ್ರಕ್ಕೆ ಸಿಕ್ಕಿದೆ, ನಿಲ್ಲಿಸಲು ಪಾಸ್‌ವರ್ಡ್ ಬೇಕು. ಅಮ್ಮನ ಹೆಸರು ಲಾರಾ. ಎಲ್, ಎ, ಆರ್, ಎ: ಸೂಪರ್ ಫ್ಯಾಮಿಕಾಮ್ ಕಂಟ್ರೋಲರ್‌ನಲ್ಲಿ ಇರುವ ಬಟನ್‌ಗಳೇ ಅವು! ನನಗೆ ಹೊಳೆಯುವಷ್ಟರಲ್ಲಿ ಕಾಲ ಮಿಂಚಿತ್ತು. ಆ ಅಮ್ಮ ನಡೆಯಲಾಗದೆ ಆಟ ಮುಗಿಯುವ ತನಕ ಕುರ್ಚಿಯಲ್ಲೇ ಇದ್ದಳು. ಮನೆಗೆ ಹೋದಾಗಲೆಲ್ಲ ಕಣ್ಣು ತಪ್ಪಿಸುತ್ತಿದ್ದೆ.

ಇನ್ನೊಂದು ಒಣಮಾಂಸ. ಒಂದು ಚಂದ್ರಶಿಲೆಯನ್ನು ಕ್ರಿ.ಪೂ. 6.5 ಕೋಟಿಯಲ್ಲಿ ಬಿಸಿಲಿಗೆ ಇಟ್ಟು ಬರಬೇಕು, ಅದು ಯುಗಯುಗ ಬಿಸಿಲು ಕುಡಿದು ಸೂರ್ಯಶಿಲೆ ಆಗುತ್ತದೆ. ನಡುವೆ ಕ್ರಿ.ಶ. 1000ರಲ್ಲಿ ನೋಡಿದರೆ ಕಲ್ಲೇ ಇಲ್ಲ. ಪೋರ್ ಅನ್ನೋ ಊರಿನ ಮೇಯರ್ ಮನೆ ಸೇರಿದೆ. ಆ ಜುಗ್ಗ ಕೊಡುತ್ತಾನಾ? ಅದೇ ಊರಿನ ಕೆಫೆಯಲ್ಲಿ ಒಣಮಾಂಸ ಮಾರುತ್ತಾರೆ, ಬೆಲೆ ಆಟದ ದುಡ್ಡಿನಲ್ಲಿ 9,900. ಅದನ್ನು ಹಿಡಿದು ಕ್ರಿ.ಶ. 600ರ ಪೋರ್‌ಗೆ ಹೋದರೆ ಮೇಯರ್‌ನ ಪೂರ್ವಜರ ಮನೆಯ ಹೆಂಗಸು 10,000 ಕೊಡುತ್ತೇನೆ ಅನ್ನುತ್ತಾಳೆ. ನೂರು ಲಾಭ, ಬಿಡೋದು ಯಾಕೆ ಅಂತ ಮಾರಿದೆ. ವಾಪಸ್ ಬಂದರೆ ಮೇಯರ್ ಅಷ್ಟೇ ಜುಗ್ಗ. ಒಂದು ಇಡೀ ಭಾನುವಾರ ತಲೆ ಕೆಡಿಸಿಕೊಂಡು, ಕೊನೆಗೆ ಇನ್ನೊಂದು ಕೊಂಡು ಹೋಗಿ ಪುಕ್ಕಟೆ ಕೊಟ್ಟೆ. ಆಗ ಅವಳು, ಮಕ್ಕಳಿಗೂ ಹೀಗೇ ಕೊಡುಗೈ ಕಲಿಸುತ್ತೇನೆ ಅಂದಳು.

ಈ ಬೇಸಿಗೆಯಲ್ಲಿ ಹುಡುಗನೂ ಅದೇ ಮನೆ ಮುಂದೆ ನಿಂತ. ನಾನು ಕರಾರಿನ ಪ್ರಕಾರ ಗೋಡೆ ನೋಡುತ್ತಿದ್ದೆ. 10,000 ಅಂತ ಬಂದದ್ದೇ ತಡ, ಅವನ ಹೆಬ್ಬೆರಳು ಬಟನ್ ಮೇಲೆ ಹೋಗಿ ನಿಂತಿತು. ಒತ್ತಲಿಲ್ಲ.

"ಮಾಮ, ಅವತ್ತು ಊಟ ತಿಂದಿದ್ನಲ್ಲ, ಆ ಥರ ಏನಾದ್ರೂ ಇದೆಯಾ ಇದು?"

ನನ್ನ ಉತ್ತರ ಬರದಿದ್ದಾಗ, ದುಡ್ಡು ಬೇಡ ಅಂತ ಒತ್ತಿದ. ಕ್ರಿ.ಶ. 1000ಕ್ಕೆ ಬಂದರೆ ಮೇಯರ್ ನಗುನಗುತ್ತಾ ಕಲ್ಲು ಕೊಟ್ಟ. ಮುಂದಿನ ಎರಡು ದಿನ ಹುಡುಗ ಕಥೆ ಬಿಟ್ಟು ಎಲ್ಲಾ ಕಾಲದ ಎಲ್ಲಾ ಊರುಗಳಲ್ಲಿ ಮನೆಮನೆ ಅಲೆದ, ಇನ್ನು ಯಾರಿಗಾದರೂ ಏನಾದರೂ ಪುಕ್ಕಟೆ ಕೊಡಬಹುದಾ ಅಂತ. ಯಾರೂ ಏನೂ ಕೇಳಲಿಲ್ಲ.